ತಾಷ್ಕೆಂಟ್‌ನಲ್ಲಿ ಸಂಸಾರ: ಊರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಯಜಮಾನರ ಕೆಲಸದ ನಿಮಿತ್ತ 2022ರ ಅಕ್ಟೋಬರ್‌ನಲ್ಲಿ ನಾವು ವಿಜಯಪುರ ಬಿಟ್ಟು ಉಜ್ಬೇಕಿಸ್ತಾನದ ರಾಜಧಾನಿ ತಾಷ್ಕೆಂಟ್‌ಗೆ ಬಂದೆವು. ಅಂದಿನಿಂದ ಫೋನಿನಲ್ಲಿ ಅವೇ ಪ್ರಶ್ನೆಗಳು. ಸೋದರತ್ತೆ ಕುತೂಹಲಕ್ಕೆ ಕೇಳುತ್ತಾರೆ, ಹಳೆಯ ಸಹೋದ್ಯೋಗಿಗಳು ಹೊರಡುವ ಯೋಚನೆಯಲ್ಲಿ ಕೇಳುತ್ತಾರೆ. ಪ್ರತಿ ಸಲ ಮೊದಲಿನಿಂದ ಶುರು ಮಾಡಿ ಸಾಕಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ. ಇಲ್ಲಿರುವ ದರಗಳು ನಾವು ಕೊಟ್ಟದ್ದು, ಕೊಡುತ್ತಿರುವುದು. ನೀವು ಬರುವ ಹೊತ್ತಿಗೆ ಹೆಚ್ಚುಕಡಿಮೆ ಆಗಿರುತ್ತವೆ.

ಅದು ರಷ್ಯಾದಲ್ಲಿ ಬರುತ್ತಾ?

ಇಲ್ಲ. 1991ರವರೆಗೆ ಸೋವಿಯತ್ ಒಕ್ಕೂಟದಲ್ಲಿತ್ತು, ಈಗ ಬೇರೆಯೇ ದೇಶ. ದೆಹಲಿಯಿಂದ ವಿಮಾನದಲ್ಲಿ ಹೆಚ್ಚುಕಡಿಮೆ ಮೂರು ಗಂಟೆ. ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ. ಅಮ್ಮ ಪೂಜೆ ಮುಗಿಸಿ ಆರಕ್ಕೆ ಫೋನ್ ಮಾಡಿದರೆ ಇಲ್ಲಿ ಐದೂವರೆ.

ಹಿರಿಯರಿಗೆ ಇಷ್ಟೆಲ್ಲ ಹೇಳಬೇಕಿಲ್ಲ, "ಶಾಸ್ತ್ರೀಜಿ ತೀರಿಕೊಂಡ ಊರು" ಅಂದರೆ ಸಾಕು. 1966ರ ಜನವರಿ 10ರಂದು ಪಾಕಿಸ್ತಾನದ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ ಲಾಲ್ ಬಹದ್ದೂರ್ ಶಾಸ್ತ್ರಿ ಆ ರಾತ್ರಿ ಕಳೆದು 11ರ ಬೆಳಗು ಕಾಣಲಿಲ್ಲ. ಅವರ ಹೆಸರಿನ ಬೀದಿ ಇಲ್ಲಿದೆ, ಪ್ರತಿಮೆಯೂ ಇದೆ. ಭಾರತ ಸರ್ಕಾರದ ಸಂಸ್ಕೃತಿ ಕೇಂದ್ರಕ್ಕೂ ಅವರದೇ ಹೆಸರು. ಅದೇ ವರ್ಷ ಏಪ್ರಿಲ್ 26ರ ನಸುಕಿನಲ್ಲಿ ಭೂಕಂಪವಾಗಿ ಸುಮಾರು ಮೂರು ಲಕ್ಷ ಜನ ಮನೆ ಕಳೆದುಕೊಂಡರು. ಸೋವಿಯತ್ ಒಕ್ಕೂಟದ ಎಲ್ಲ ಗಣರಾಜ್ಯಗಳಿಂದಲೂ ಕೆಲಸಗಾರರು ಬಂದು ಊರನ್ನು ಹೊಸದಾಗಿ ಕಟ್ಟಿದರು. ಮಧ್ಯ ಏಷ್ಯಾ ಅಂದರೆ ಒಂಟೆ, ಮಣ್ಣಿನ ಗೋಡೆ, ಸಂದಿಗೊಂದಿ ಅಂತ ಎಣಿಸಿ ಬಂದವರಿಗೆ ಅಗಲವಾದ ರಸ್ತೆ, ಸಾಲುಮರ, ಕಾರಂಜಿ ಕಾಣುವುದು ಅದಕ್ಕೇ.

ಅಫ್ಘಾನಿಸ್ತಾನದ ಪಕ್ಕ ಅಂತಾರೆ, ಭಯ ಇಲ್ವಾ?

ಅಫ್ಘಾನಿಸ್ತಾನದ ಗಡಿ ಇರುವುದು ದೇಶದ ದಕ್ಷಿಣದ ತುದಿಯಲ್ಲಿ, ತೆರ್ಮೆಜ್ ಎಂಬ ಊರಿನ ಹತ್ತಿರ. ತಾಷ್ಕೆಂಟ್‌ಗೆ ಒತ್ತಿಕೊಂಡಿರುವುದು ಕಜಕಸ್ತಾನ. ರಾತ್ರಿ ಹನ್ನೊಂದಕ್ಕೆ ಒಬ್ಬಳೇ ಮೆಟ್ರೋ ಇಳಿದು ಮನೆಗೆ ನಡೆದುಕೊಂಡು ಬಂದಿದ್ದೇನೆ, ಹಿಂದೆ ತಿರುಗಿ ನೋಡಬೇಕು ಅನ್ನಿಸಿಲ್ಲ.

ಭಯ ಏನಿದ್ದರೂ ರಸ್ತೆ ದಾಟುವಾಗ. ಇಲ್ಲಿನ ರಸ್ತೆಯಲ್ಲಿ ಹತ್ತಕ್ಕೆ ಎಂಟು ಕಾರು ಬಿಳಿಯವು, ಬಹುಪಾಲು ಇಲ್ಲೇ ತಯಾರಾದ ಷೆವ್ರೊಲೆ. ಜೀಬ್ರಾ ಪಟ್ಟೆಯ ಮೇಲೆ ಕಾಲಿಟ್ಟರೂ ವೇಗ ಇಳಿಸದ ಪುಣ್ಯಾತ್ಮರಿದ್ದಾರೆ. ಅವುಗಳ ನಡುವೆ ದಮಾಸ್ ಎಂಬ ಪುಟ್ಟ ಡಬ್ಬಿ ವ್ಯಾನ್ ಓಡಾಡುತ್ತದೆ. ನೋಡಿದ ಕೂಡಲೇ "ಅರೆ, ನಮ್ಮ ಓಮ್ನಿ!" ಅಂದಿದ್ದೆ. ತಪ್ಪೇನಿಲ್ಲ, ಎರಡೂ ಸುಜುಕಿ ಕ್ಯಾರಿ ಎಂಬ ವ್ಯಾನಿನ ವಂಶದವೇ.

ನಿಜವಾಗಿಯೂ ಅಗ್ಗನಾ?

ಊರಿನವರ ಹಾಗೆ ಬದುಕಿದರೆ ಅಗ್ಗ. ದುಬೈನಲ್ಲೋ ಬೆಂಗಳೂರಿನ ಇಂದಿರಾನಗರದಲ್ಲೋ ಇದ್ದ ಹಾಗೆಯೇ ಇಲ್ಲೂ ಇರುತ್ತೇನೆ ಅಂದರೆ ಅಲ್ಲ.

ಇಲ್ಲಿನ ಹಣ ಸೋಮ್. ಒಂದು ರೂಪಾಯಿಗೆ ಹೆಚ್ಚುಕಡಿಮೆ 140 ಸೋಮ್. ಮೊದಲ ವಾರ ಪ್ರತಿ ಬೆಲೆಯಲ್ಲೂ ಸೊನ್ನೆ ಎಣಿಸುತ್ತಾ ನಿಂತಿರುತ್ತೀರಿ. ಎರಡು ಸೊನ್ನೆ ತೆಗೆದು ಉಳಿದದ್ದಕ್ಕೆ ಮೂರನೇ ಒಂದು ಭಾಗ ಕಡಿಮೆ ಮಾಡಿದರೆ ರೂಪಾಯಿ ಸಿಗುತ್ತದೆ ಎಂಬ ಯಜಮಾನರ ಲೆಕ್ಕ ತಕ್ಕಮಟ್ಟಿಗೆ ನಡೆಯುತ್ತದೆ. ಮೆಟ್ರೋ ಟಿಕೆಟ್ ಇಪ್ಪತ್ತು ರೂಪಾಯಿ ಆಸುಪಾಸು, ಎಷ್ಟೇ ದೂರ ಹೋದರೂ ಅಷ್ಟೇ. ಬೇಸಿಗೆಯಲ್ಲಿ ಹಣ್ಣಿನ ಬೆಲೆ ಕೇಳಿದರೆ ನಂಬುವುದಿಲ್ಲ. ಚೆರ್ರಿ, ಏಪ್ರಿಕಾಟ್, ದ್ರಾಕ್ಷಿ ಎಲ್ಲ ಕಿಲೋ ಲೆಕ್ಕದಲ್ಲಿ ತಂದು ಹೊಟ್ಟೆ ಕೆಡಿಸಿಕೊಳ್ಳುವಷ್ಟು. ಕರಬೂಜವನ್ನು ರಸ್ತೆ ಬದಿಯಲ್ಲಿ ಮಲಗಿಸಿ ರಾಶಿ ಹಾಕಿರುತ್ತಾರೆ, ಒಂದೊಂದು ಮಗುವಿನಷ್ಟು ಉದ್ದ.

ದುಬಾರಿ ಯಾವುದು ಅಂದರೆ ಹೊರಗಿನಿಂದ ಬಂದದ್ದೆಲ್ಲ. ಇಂಟರ್‌ನ್ಯಾಷನಲ್ ಶಾಲೆ, ತೆಂಗಿನಕಾಯಿ, ಬಾಸ್ಮತಿ ಅಕ್ಕಿ, ಒಳ್ಳೆಯ ಕಾಫಿಪುಡಿ. ನಾವಿಬ್ಬರೇ ಇರುವ ಮನೆ. ಬಾಡಿಗೆ ಸೇರಿ ತಿಂಗಳಿಗೆ ತೊಂಬತ್ತು ಸಾವಿರ ರೂಪಾಯಿಯ ಒಳಗೆ ನಡೆಯುತ್ತದೆ. ಅದರಲ್ಲಿ ನಲವತ್ತರ ಹತ್ತಿರ ಬಾಡಿಗೆಗೇ ಹೋಗುತ್ತದೆ.

ಮನೆ ಸಿಗೋದು ಕಷ್ಟವಾ?

ನಾವು ಬಂದ ಗಳಿಗೆ ಕೆಟ್ಟದ್ದು. 2022ರ ಸೆಪ್ಟೆಂಬರ್‌ನಲ್ಲಿ ರಷ್ಯಾ ಯುದ್ಧಕ್ಕೆ ಗಂಡಸರನ್ನು ಕರೆಯತೊಡಗಿದ ಮೇಲೆ ಅಲ್ಲಿಂದ ಹೊರಟವರಲ್ಲಿ ಎಷ್ಟೋ ಜನ ಇಲ್ಲಿಗೆ ಬಂದರು. ಬಾಡಿಗೆ ಏಕಾಏಕಿ ಏರಿತು. ಬೆಳಿಗ್ಗೆ ನೋಡಿದ ಮನೆ ಮಧ್ಯಾಹ್ನಕ್ಕೆ ಬೇರೆಯವರ ಪಾಲು. ಈಗ ಆ ನೂಕುನುಗ್ಗಲು ಇಲ್ಲ.

ಮೊದಲು ಲೆಕ್ಕದ ಭಾಷೆ ತಿಳಿದುಕೊಳ್ಳಿ. ಇಲ್ಲಿ ಹಜಾರವನ್ನೂ (ಹಾಲ್) ಕೋಣೆ ಅಂತ ಎಣಿಸುತ್ತಾರೆ. "ಎರಡು ಕೋಣೆಯ ಮನೆ" ಅಂದರೆ ನಮ್ಮ ಒಂದು ಬೆಡ್‌ರೂಮಿನ ಮನೆ. ನಮ್ಮ ಸ್ನೇಹಿತರೊಬ್ಬರು ಇದು ತಿಳಿಯದೆ ಮುಂಗಡ ಕೊಟ್ಟು ಅತ್ತೆ ಮಾವನನ್ನೂ ಕರೆಸಿಕೊಂಡುಬಿಟ್ಟಿದ್ದರು. ಮನೆಗಳಲ್ಲಿ ಎರಡು ಜಾತಿ: ಸೋವಿಯತ್ ಕಾಲದ ನಾಲ್ಕೈದು ಮಹಡಿಯ ಹಳೆಯ ಕಟ್ಟಡಗಳು, ಮತ್ತೆ "ನೋವೊಸ್ತ್ರೊಯ್ಕಾ" ಎಂಬ ಹೊಸ ಗೋಪುರಗಳು. ಹೊಸದರಲ್ಲಿ ಲಿಫ್ಟು, ಹೊಳೆಯುವ ನೆಲ, ಕೆಳಗೆ ಕೆಫೆ ಎಲ್ಲ ಇರುತ್ತವೆ. ಹಳೆಯದರಲ್ಲಿ ದಪ್ಪ ಗೋಡೆ, ಅಂಗಳದ ತುಂಬ ಮರ, ಬೆಂಚಿನ ಮೇಲೆ ಅಜ್ಜಿಯರು. ನಾನು ಹಳೆಯದರ ಪರ. ಚಿಲಾನ್ಜಾರ್ ಬಡಾವಣೆಯಲ್ಲಿ ಮೂರನೇ ಮಹಡಿಯ ಎರಡು ಕೋಣೆಗೆ 450 ಡಾಲರ್ ಕೊಡುತ್ತಿದ್ದೇವೆ. ತಾಷ್ಕೆಂಟ್ ಸಿಟಿ ಎಂಬ ಹೊಸ ಗಾಜಿನ ಪೇಟೆಯ ಕಡೆ ಹೋದರೆ ಇದರ ಎರಡು ಪಟ್ಟಿಗೂ ಮೀರುತ್ತದೆ.

ಬಾಡಿಗೆಯ ಮಾತು ಡಾಲರಿನಲ್ಲಿ, ಕೊಡುವುದು ಆ ದಿನದ ದರದಂತೆ ಸೋಮಿನಲ್ಲಿ. ದಲ್ಲಾಳಿಗೆ ಇಲ್ಲಿ "ಮಕ್ಲೆರ್" ಅನ್ನುತ್ತಾರೆ, ಅವನ ಪಾಲು ಮೊದಲೇ ಮಾತಾಡಿಕೊಳ್ಳಿ. ವಿಳಾಸವನ್ನು ಯಾರೂ ಬಾಗಿಲ ಸಂಖ್ಯೆಯಿಂದ ಹೇಳುವುದಿಲ್ಲ. ಇಂಥ ಬಡಾವಣೆ, ಇಂಥ ಕ್ವಾರ್ತಾಲ್ (ಬಡಾವಣೆಯೊಳಗಿನ ಬ್ಲಾಕು), ಇಂಥ ಔಷಧಿ ಅಂಗಡಿಯ ಹಿಂದೆ. ಆ ಗುರುತಿಗೆ "ಓರಿಯೆಂತಿರ್" ಎಂದು ಹೆಸರು. ಗೋಳಗುಮ್ಮಟದ ಹಿಂದೆ, ಗಾಂಧಿ ಚೌಕದ ಎಡಕ್ಕೆ ಅಂತ ಹೇಳಿ ಬೆಳೆದ ನಮಗೆ ಇದನ್ನು ಯಾರೂ ಕಲಿಸಬೇಕಾಗಿ ಬರಲಿಲ್ಲ.

ವೀಸಾ? ಕಾಗದಪತ್ರ?

ನೋಡಿ ಹೋಗಲು ಬರುವವರಿಗೆ ಇ-ವೀಸಾ ಸಾಕು. ಒಂದು ಪ್ರವೇಶದ್ದಕ್ಕೆ 20 ಡಾಲರ್, ಮೂವತ್ತು ದಿನ ಇರಬಹುದು, ಮನೆಯಲ್ಲೇ ಕೂತು ಅರ್ಜಿ ಹಾಕಬಹುದು. ಕೆಲಸಕ್ಕೆ ಬರುವವರಿಗೆ ಕಂಪನಿಯೇ ಪರವಾನಗಿ ಪಡೆದು ಆಮಂತ್ರಣ ಕಳಿಸಬೇಕು. ಪ್ರವಾಸಿ ವೀಸಾದಲ್ಲಿ ಬಂದು ಆಮೇಲೆ ನೋಡಿಕೊಳ್ಳೋಣ ಎಂಬ ಏಜೆಂಟರ ಮಾತಿಗೆ ಕಿವಿಗೊಡಬೇಡಿ.

ಕಾಲಿಗೆ ತೊಡರುವುದು ವೀಸಾ ಅಲ್ಲ, ನೋಂದಣಿ. ಬಂದು ಮೂರು ಕೆಲಸದ ದಿನಗಳೊಳಗೆ ನೀವು ಎಲ್ಲಿ ಮಲಗುತ್ತಿದ್ದೀರಿ ಎಂಬುದು ಸರ್ಕಾರದ ದಾಖಲೆಗೆ ಹೋಗಬೇಕು. ಹೋಟೆಲಿನವರು ತಾವೇ ಮಾಡುತ್ತಾರೆ. ಬಾಡಿಗೆ ಮನೆಯಾದರೆ ಮಾಲೀಕರು "ಇ-ಮೆಹ್ಮೋನ್" ವ್ಯವಸ್ಥೆಯಲ್ಲಿ ಸೇರಿಸಬೇಕು. ಮೆಹ್ಮೋನ್ ಅಂದರೆ ನಮ್ಮ ಕಡೆ ಹೇಳುವ ಮೆಹಮಾನ್, ಅತಿಥಿ. ಆದರೆ ಹಾಗೆ ಸೇರಿಸಿದರೆ ಬಾಡಿಗೆ ಆದಾಯ ತೆರಿಗೆಯವರ ಕಣ್ಣಿಗೆ ಬೀಳುತ್ತದಲ್ಲ, ಅಲ್ಲಿಗೆ ಅತಿಥಿ ಸತ್ಕಾರ ಮುಗಿಯಿತು.

ನಮ್ಮ ಮೊದಲ ಮನೆಯೊಡತಿ ಮುಂಗಡ ತೆಗೆದುಕೊಳ್ಳುವಾಗ "ಎಲ್ಲಾ ಆಗುತ್ತೆ" ಅಂದರು. ಮೊದಲ ದಿನ ಫೋನು ಮನೆಯಲ್ಲಿ ಮರೆತಿದ್ದರು, ಎರಡನೇ ದಿನ ಮಗಳ ಮದುವೆಯ ಮಾತುಕತೆ, ಮೂರನೇ ದಿನ ಕರೆಯನ್ನೇ ಎತ್ತಲಿಲ್ಲ. ಅವತ್ತು ಸಂಜೆ ಪೆಟ್ಟಿಗೆ ಎತ್ತಿಕೊಂಡು ಹೋಟೆಲಿಗೆ ಹೋದೆವು, ನೋಂದಣಿಗಾಗಿಯೇ. ಮುಂಗಡದಲ್ಲಿ ಅರ್ಧ ವಾಪಸ್ ಬಂತು. ಎರಡನೇ ಮನೆಯಲ್ಲಿ ನಾನು ಅಡುಗೆಮನೆ ನೋಡುವ ಮುಂಚೆ ಕೇಳಿದ ಪ್ರಶ್ನೆ ಇದೊಂದೇ. ನೋಂದಣಿ ಪರದೆಯಲ್ಲಿ ನಿಮ್ಮ ಹೆಸರು ಕಣ್ಣಾರೆ ಕಂಡ ಮೇಲೆ ದುಡ್ಡು ಕೈಬಿಡಿ.

ಇದರ ಜೊತೆಗೆ ನಿಮ್ಮದೇ ಹದಿನಾಲ್ಕು ಅಂಕಿಯ ಗುರುತಿನ ಸಂಖ್ಯೆಯೊಂದು ಬೇಕಾಗುತ್ತದೆ. ಬ್ಯಾಂಕು, ಕಾರ್ಡು ಎಲ್ಲದಕ್ಕೂ ಅದನ್ನೇ ಕೇಳುತ್ತಾರೆ. ಇಲ್ಲಿನ ಸಿಮ್ ಹಾಕಿದ ವಿದೇಶಿ ಫೋನಿನ ಐಎಂಇಐ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ನೋಂದಣಿಯನ್ನೂ ಮಾಡಿಸಬೇಕು. ಮಾಡಿಸದೆ ತಿಂಗಳು ಕಳೆದರೆ ಒಂದು ಬೆಳಿಗ್ಗೆ ಸಿಗ್ನಲ್ ಇರುವುದಿಲ್ಲ.

ನಾವು ಮಾಂಸ ತಿನ್ನಲ್ಲ. ಅಲ್ಲಿ ಉಪವಾಸವೇ ಗತಿಯಾ?

ಈ ಪ್ರಶ್ನೆ ಕೇಳದವರೇ ಇಲ್ಲ, ಅದಕ್ಕೆ ಸಾವಧಾನವಾಗಿ ಹೇಳುತ್ತೇನೆ.

ಹೋಟೆಲಿನಲ್ಲಿ ಕಷ್ಟ. ಇಲ್ಲಿನ ಹೆಮ್ಮೆಯ ಊಟ ಪ್ಲೋವ್, ಇವರ ಬಾಯಲ್ಲಿ "ಓಶ್". ದೊಡ್ಡ ಕಡಾಯಿಯಲ್ಲಿ ಅಕ್ಕಿ, ಗಜ್ಜರಿ (ಕ್ಯಾರೆಟ್), ಮಾಂಸ. ಮಾಂಸ ಬದಿಗಿಟ್ಟು ಬಡಿಸಿ ಅಂದರೆ ಬಡಿಸುತ್ತಾರೆ, ಆದರೆ ಅನ್ನ ಬೆಂದದ್ದೇ ಕುರಿಯ ಬಾಲದ ಕೊಬ್ಬಿನಲ್ಲಿ. "ಮಾಂಸ ಬೇಡ" ಅಂದರೆ "ಕೋಳಿ ಹಾಕಲಾ?" ಅನ್ನುವವರೂ ಇದ್ದಾರೆ. ಹೊರಗೆ ನೆಚ್ಚಬಹುದಾದವು ಕುಂಬಳಕಾಯಿ ಸೋಮ್ಸಾ (ನಮ್ಮ ಸಮೋಸಾದ ಬಂಧು), ವಸಂತದಲ್ಲಿ ಸೊಪ್ಪಿನ ಸೋಮ್ಸಾ, ಟೊಮೆಟೊ ಈರುಳ್ಳಿಯ ಅಚ್ಚಿಕ್-ಚುಚುಕ್ ಸಲಾಡ್. ಕುಂಬಳಕಾಯಿಯದಕ್ಕೂ ಕೊಬ್ಬು ಸೇರಿಸುವುದುಂಟು, ಕೇಳಿಯೇ ತಿನ್ನಿ. 1937ರಲ್ಲಿ ಸ್ಟಾಲಿನ್ ಸೋವಿಯತ್ ಪೂರ್ವ ತೀರದಿಂದ ಎತ್ತಿ ತಂದು ಇಲ್ಲಿ ಬಿಟ್ಟ ಕೊರಿಯನ್ನರ ಮಕ್ಕಳು ಮೊಮ್ಮಕ್ಕಳು ಬಜಾರಿನಲ್ಲಿ ಗಜ್ಜರಿಯ ಖಾರದ ಸಲಾಡ್ ಮಾರುತ್ತಾರೆ. ನಮ್ಮ ಕೋಸಂಬರಿಗೆ ಬೆಳ್ಳುಳ್ಳಿ, ವಿನಿಗರ್ ಹಾಕಿದ ಹಾಗೆ. ರೊಟ್ಟಿ ಜೊತೆ ಚೆನ್ನಾಗಿರುತ್ತದೆ.

ಮನೆಯಲ್ಲಿ ಅಡುಗೆ ಮಾಡುವವರಿಗೆ ಮಾತ್ರ ಇದು ಸ್ವರ್ಗ. ಚೋರ್ಸು ಬಜಾರಿನ ನೀಲಿ ಗುಮ್ಮಟದ ಸುತ್ತ ಒಂದು ಸುತ್ತು ಹಾಕಿ ಬನ್ನಿ. "ಮೋಶ್" ಅಂದರೆ ಹೆಸರುಕಾಳು. ಅದರ ಹುಗ್ಗಿಯನ್ನು ಇವರೂ ಮಾಡುತ್ತಾರೆ, ಹೆಸರು "ಮೋಶ್‌ಕಿಚಿರಿ", ಮಾಂಸ ಹಾಕುವುದೊಂದೇ ವ್ಯತ್ಯಾಸ. "ಪಿಯೋಜ್" ಈರುಳ್ಳಿ, "ಜಿರಾ" ಜೀರಿಗೆ. ಆದರೆ "ಸಬ್ಜಿ" ಕೇಳಿದರೆ ಕೊಡುವುದು ಗಜ್ಜರಿ! ಮೊದಲ ಸಲ ಹಿಂದಿಯ ಧೈರ್ಯದ ಮೇಲೆ ಎರಡು ಕಿಲೋ ಸಬ್ಜಿ ಕೇಳಿ ವಾರವಿಡೀ ಗಜ್ಜರಿ ಪಲ್ಯ ತಿಂದೆವು.

ಇನ್ನು ಮೊಸರು. ಇಲ್ಲಿ ಅದಕ್ಕೆ "ಕತಿಕ್", ಗಟ್ಟಿ, ತುಸು ಹುಳಿ, ಒಗ್ಗರಣೆ ಹಾಕಿ ಅನ್ನಕ್ಕೆ ಕಲೆಸಿದರೆ ಮಾತಾಡುವ ಹಾಗಿಲ್ಲ. ಅದನ್ನು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದರೆ "ಸುಜ್ಮಾ", ಶ್ರೀಖಂಡಕ್ಕೆ ಹೇಳಿ ಮಾಡಿಸಿದ್ದು.

ನಮ್ಮ ಕಡೆಯವರಿಗೆ ಕೊನೆಯದಾಗಿ ಒಂದು. ಕಾಳಿನ ಅಂಗಡಿಯಲ್ಲಿ ಮೆಕ್ಕೆಜೋಳ ತೋರಿಸಿ ಹೆಸರೇನು ಅಂತ ಕೇಳಿದೆ. "ಮಕ್ಕಾ-ಜೋಖೊರಿ" ಅಂದ. ಹಾಗಾದರೆ ಬರೀ ಜೋಖೊರಿ? ಕೆಳಗಿನ ಚೀಲ ಬಿಚ್ಚಿ ತೋರಿಸಿದ. ಜೋಳ! ನಮ್ಮ ಬಿಳಿಜೋಳದ ಸಿಹಿ ಅದಕ್ಕಿಲ್ಲ, ಹಿಟ್ಟು ಬೀಸಿಸುವುದೊಂದು ಫಜೀತಿ, ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. ಆದರೂ ಬಡಿಯುತ್ತೇನೆ. ಕೆಳಗಿನ ಮನೆಯವರು ಮೊದಲ ದಿನ ಸದ್ದಿಗೆ ಮೇಲೆ ಬಂದು ಏನು ರಿಪೇರಿ ನಡೆದಿದೆ ಅಂತ ವಿಚಾರಿಸಿ ಹೋದರು.

ಇಂಗ್ಲಿಷ್ ನಡೆಯುತ್ತಾ?

ಹೊಸ ಹುಡುಗ ಹುಡುಗಿಯರ ಹತ್ತಿರ ನಡೆಯುತ್ತದೆ. ಬಜಾರು, ಪ್ಲಂಬರ್, ಸರ್ಕಾರಿ ಕಿಟಕಿಗಳಲ್ಲಿ ಇಲ್ಲ. ರಷ್ಯನ್ ಕಲಿಯಬೇಕಾ ಉಜ್ಬೆಕ್ ಕಲಿಯಬೇಕಾ ಅಂದರೆ, ತಾಷ್ಕೆಂಟ್‌ನಲ್ಲಿ ರಷ್ಯನ್ನಿನಿಂದ ಕೆಲಸ ಬೇಗ ಆಗುತ್ತದೆ, ಉಜ್ಬೆಕ್ಕಿನಿಂದ ಮುಖ ಅರಳುತ್ತದೆ. ನಾನು ಎರಡನೆಯದನ್ನು ಹಿಡಿದೆ. ಪರ್ಷಿಯನ್, ಅರಬ್ಬಿ ಮೂಲದ ಪದಗಳು ದಾರಿ ತೋರಿಸುತ್ತವೆ: ಕಿತೋಬ್, ದುನ್ಯೊ, ಹಫ್ತಾ. ದವಾಖಾನೆ, ಕಾರ್ಖಾನೆ ಗೊತ್ತಿರುವವರಿಗೆ ದೋರಿಖೋನಾ ಔಷಧಿ ಅಂಗಡಿ, ಚೋಯ್‌ಖೋನಾ ಚಹಾದಂಗಡಿ ಅಂತ ಯಾರೂ ಹೇಳಿಕೊಡಬೇಕಿಲ್ಲ. ಬರವಣಿಗೆ ಮಾತ್ರ ಗೊಂದಲ. ಒಂದು ಫಲಕ ಲ್ಯಾಟಿನ್ ಅಕ್ಷರದಲ್ಲಿ, ಪಕ್ಕದ್ದು ಸಿರಿಲಿಕ್‌ನಲ್ಲಿ.

ಎಡವುವ ಜಾಗ ಒಂದಿದೆ. ಇಲ್ಲಿ ಅಪರಿಚಿತ ಗಂಡಸನ್ನು ಗೌರವದಿಂದ "ಅಕಾ" ಅನ್ನಬೇಕು, ಅಣ್ಣ ಅಂತ ಅರ್ಥ. ಹೆಂಗಸನ್ನು "ಓಪಾ" ಅನ್ನಬೇಕು, ಅಕ್ಕ ಅಂತ. ಮೀಸೆ ಹೊತ್ತ ಟ್ಯಾಕ್ಸಿಯವನನ್ನು "ಅಕಾ" ಅನ್ನುವಾಗ ನನಗೆ ಈಗಲೂ ನಗು ಬರುತ್ತದೆ. ಅಮ್ಮ ಬಂದಾಗ ಪಕ್ಕದ ಮನೆಯ ಹುಡುಗಿ ನನ್ನನ್ನು "ಓಪಾ, ಓಪಾ" ಅಂತ ಕರೆಯುವುದನ್ನು ಕೇಳಿ "ಯಾಕೆ ಆ ಹುಡುಗಿ ನಿನ್ನ ಅಪ್ಪಾ ಅಂತಾಳ?" ಅಂದರು.

ಚಳಿ ತಡೆಯೋಕಾಗುತ್ತಾ?

ಸೈಬೀರಿಯಾ ಅಲ್ಲ. ಹಿಮ ಬೀಳುತ್ತದೆ, ಕೆಲವು ದಿನ ನಿಲ್ಲುತ್ತದೆ, ಕರಗುತ್ತದೆ. ನವೆಂಬರ್‌ನಿಂದ ಮನೆಯ ಗೋಡೆಯ ಕೊಳವೆಗಳಲ್ಲಿ ಬಿಸಿನೀರು ಹರಿಯತೊಡಗಿದರೆ ಒಳಗೆ ಬನಿಯನ್‌ನಲ್ಲಿರಬಹುದು. ಆ ಬಿಸಿಯನ್ನು ಹೆಚ್ಚುಕಡಿಮೆ ಮಾಡುವ ತಿರುಪು ಹಳೆಯ ಮನೆಗಳಲ್ಲಿ ಇಲ್ಲ. ಸೆಕೆಯಾದರೆ ಕಿಟಕಿ ತೆರೆಯುವುದೇ ದಾರಿ.

ಆದರೆ ನಮ್ಮ ಮೊದಲ ಚಳಿಗಾಲವೇ 2023ರ ಜನವರಿ. ಉಷ್ಣಾಂಶ ಮೈನಸ್ ಇಪ್ಪತ್ತರ ಹತ್ತಿರ ಇಳಿಯಿತು, ಊರಿನಲ್ಲಿ ಗ್ಯಾಸ್ ಸಾಲದೆ ಬಂತು, ಕರೆಂಟೂ ಹೋಗಿ ಬಂದು ಮಾಡಿತು. ಒಲೆಯ ಉರಿ ದೇವರ ದೀಪದಷ್ಟು. ಅದರ ಮೇಲೆ ಒಂದು ಗಂಟೆ ಅನ್ನ ಕಾಯ್ದು, ಕೋಟು ಹಾಕಿಕೊಂಡೇ ಉಂಡು ಹಾಗೆಯೇ ಮಲಗಿದೆವು. ನಗರದ ಹೊಕಿಮ್, ಅಂದರೆ ಮೇಯರ್, ಆ ಗಲಾಟೆಯಲ್ಲಿ ಹುದ್ದೆ ಕಳೆದುಕೊಂಡರು. ಅಂಥದ್ದು ಮತ್ತೆ ಬಂದಿಲ್ಲ, ಆದರೂ ಒಂದು ವಿದ್ಯುತ್ ಒಲೆ ಇಟ್ಟುಕೊಂಡಿದ್ದೇನೆ.

ಚಳಿಗಿಂತ ನನ್ನನ್ನು ಕಾಡುವುದು ಆ ತಿಂಗಳುಗಳ ಹೊಗೆ. ಕಲ್ಲಿದ್ದಲು, ವಾಹನ, ಗಾಳಿಯಾಡದ ದಿನಗಳು ಸೇರಿ ಬೆಳಗಿನ ಗಾಳಿ ದೆಹಲಿಯನ್ನು ನೆನಪಿಸುತ್ತದೆ. ಆಸ್ತಮಾ ಇದ್ದವರು ಇದನ್ನು ಯೋಚಿಸಿಯೇ ಬನ್ನಿ. ಬೇಸಿಗೆಯ ವಿಷಯ ವಿಜಯಪುರದವರಿಗೆ ಹೇಳುವುದೇನಿದೆ? ಜೂನ್ 25ರಿಂದ ಆಗಸ್ಟ್ 5ರವರೆಗಿನ ಸುಮಾರು ನಲವತ್ತು ದಿನಕ್ಕೆ "ಚಿಲ್ಲಾ" ಎಂದು ಹೆಸರು, ನಲವತ್ತು ಡಿಗ್ರಿ ದಾಟುತ್ತದೆ.

ಓಡಾಟ?

ಮೆಟ್ರೋ. 1977ರಲ್ಲಿ ಶುರುವಾದದ್ದು, ಮಧ್ಯ ಏಷ್ಯಾದ ಮೊದಲನೆಯದು. ನೆಲದಡಿಯ ನಿಲ್ದಾಣಗಳಲ್ಲಿ ಎಷ್ಟೋ ಅರಮನೆಯ ಹಾಗಿವೆ. ಗಗನಯಾತ್ರಿಗಳ ಹೆಸರಿನ ಕೊಸ್ಮೊನಾವ್ತ್‌ಲಾರ್ ನಿಲ್ದಾಣದ ನೀಲಿ ಗೋಡೆಯಲ್ಲಿ ಗಗಾರಿನ್, ತೆರೆಷ್ಕೋವಾ ಇದ್ದಾರೆ. 2018ರವರೆಗೆ ಒಳಗೆ ಫೋಟೋ ತೆಗೆಯುವಂತಿರಲಿಲ್ಲ. ಮೆಟ್ರೋ ಇಲ್ಲದ ಕಡೆಗೆ ಯಾಂಡೆಕ್ಸ್ ಆಪ್‌ನಲ್ಲಿ ಟ್ಯಾಕ್ಸಿ. ವಾರದ ಕೊನೆಗೆ ಅಫ್ರೊಸಿಯೋಬ್ ಎಂಬ ವೇಗದ ರೈಲು ಹತ್ತಿದರೆ ಎರಡು ಗಂಟೆ ಚಿಲ್ಲರೆಯಲ್ಲಿ ಸಮರ್ಕಂದ್. ಅದರ ಟಿಕೆಟ್ ಬೇಗ ಖಾಲಿಯಾಗುತ್ತದೆ.

ಊರಿಗೆ ಬರುವಾಗ ನಾವು ದೆಹಲಿ ಇಲ್ಲವೇ ಗಲ್ಫ್ ಸುತ್ತಿ ಬರುತ್ತೇವೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿದ ಮೇಲೆ ಇಂಡಿಗೋ ಈ ಮಾರ್ಗ ನಿಲ್ಲಿಸಿತು. ಆಗ ಉಜ್ಬೇಕಿಸ್ತಾನ್ ಏರ್‌ವೇಸ್ ನೇರ ದಾರಿಯಾಗಿ ಉಳಿಯಿತು. ಟಿಕೆಟ್ ಕೊಳ್ಳುವ ಮುಂಚೆ ಅಂದಿನ ಪರಿಸ್ಥಿತಿ ನೋಡಿಕೊಳ್ಳಿ.

ದುಡ್ಡು ಹೇಗೆ ಒಯ್ಯೋದು?

ಮಡಿಕೆ, ಕಲೆ, ಬರಹ ಇಲ್ಲದ ಹೊಸ ಡಾಲರ್ ನೋಟು. 2017ಕ್ಕೆ ಮುಂಚೆ ಕಾಳಸಂತೆಯಲ್ಲಿ ನೋಟಿನ ಕಂತೆ ಚೀಲದಲ್ಲಿ ತುಂಬಿಕೊಂಡು ಬರುತ್ತಿದ್ದರಂತೆ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಸರ್ಕಾರ ವಿನಿಮಯ ಮುಕ್ತ ಮಾಡಿದ ಮೇಲೆ ಬ್ಯಾಂಕಿನಲ್ಲೇ ಸರಿಯಾದ ದರ ಸಿಗುತ್ತದೆ. ಇಲ್ಲಿನ ಕಾರ್ಡು ಕೈಗೆ ಬಂದ ಮೇಲೆ ಕ್ಲಿಕ್, ಪೇಮಿ ಆಪ್‌ಗಳಲ್ಲಿ ಕರೆಂಟು ಬಿಲ್ಲಿನಿಂದ ಟ್ಯಾಕ್ಸಿವರೆಗೆ ಎಲ್ಲ ಆಗುತ್ತದೆ.

ಕೆಲಸ ಸಿಗುತ್ತಾ?

ಬಂದು ಹುಡುಕುವ ಊರಲ್ಲ. ನನಗೆ ಗೊತ್ತಿರುವ ಭಾರತೀಯರು ಜವಳಿ, ಔಷಧ, ಹೋಟೆಲ್, ಕಾಲೇಜು ಪಾಠ, ಸಾಫ್ಟ್‌ವೇರ್‌ನಲ್ಲಿದ್ದಾರೆ, ಎಲ್ಲರೂ ಕೆಲಸದ ಕಾಗದ ಹಿಡಿದೇ ಬಂದವರು. ಸಂಬಳದ ಮೇಲೆ ಆದಾಯ ತೆರಿಗೆ ಸಾಮಾನ್ಯವಾಗಿ ನೂರಕ್ಕೆ 12.

ಮಗನನ್ನು ಮೆಡಿಕಲ್ ಓದೋಕೆ ಕಳಿಸಬಹುದಾ?

ಆ ವಿಷಯಕ್ಕೆ ನಾನು ಸರಿಯಾದ ಆಸಾಮಿ ಅಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮ ಓದಿ: 54 ತಿಂಗಳ ಕೋರ್ಸು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಷಿಪ್, ಇಂಗ್ಲಿಷ್ ಮಾಧ್ಯಮ. ಏಜೆಂಟರ ಮುಂದೆ ಈ ಮೂರನ್ನೂ ಇಟ್ಟು ಬರವಣಿಗೆಯಲ್ಲಿ ಉತ್ತರ ಕೇಳಿ.

ಹುಷಾರಿಲ್ಲ ಅಂದರೆ?

ಜ್ವರ, ಹಲ್ಲು, ರಕ್ತಪರೀಕ್ಷೆಗೆ ಖಾಸಗಿ ಕ್ಲಿನಿಕ್‌ಗಳು ಚೆನ್ನಾಗಿವೆ, ದರವೂ ಹಗುರ. ಆಂಬುಲೆನ್ಸ್ 103. ಊರಿಂದ ಮಾತ್ರೆ ತರುವವರು ಎಚ್ಚರ: ನಿದ್ದೆ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಔಷಧಿಗಳ ಮೇಲೆ ಇಲ್ಲಿ ಬಿಗಿ ಕಾನೂನಿದೆ. ವೈದ್ಯರ ಚೀಟಿ ಇಲ್ಲದೆ ತರಲೇಬೇಡಿ.

ಜನ ಹೇಗೆ? ನಮ್ಮನ್ನು ಹೇಗೆ ನೋಡ್ತಾರೆ?

"ಹಿಂದಿಸ್ತೋನ್?" ಅಂತ ಕೇಳಿ, ಹೌದು ಅಂದರೆ ಐವತ್ತು ದಾಟಿದವರು ರಾಜ್ ಕಪೂರ್ ಹಾಡು ಶುರು ಮಾಡುತ್ತಾರೆ, ಅದಕ್ಕಿಂತ ಚಿಕ್ಕವರು ಮಿಥುನ್ ಚಕ್ರವರ್ತಿಯ ಹಾಡು. ಕನ್ನಡ ಅಂತ ಬೇರೆ ಭಾಷೆ ಇದೆ ಅಂದರೆ ಪಾಪ, ಯಾರಿಗೂ ತಲೆಗೆ ಹೋಗುವುದಿಲ್ಲ.

ಮನೆಗೆ ಕರೆದರೆ ಹೋಗಿ. ರೊಟ್ಟಿಯನ್ನು, ಅಂದರೆ ನೋನ್ ಅನ್ನು, ಎಂದೂ ಬೋರಲು ಇಡಬೇಡಿ. ಚಹಾವನ್ನು ಪಿಯೋಲಾ ಬಟ್ಟಲಿಗೆ ಅರ್ಧ ಮಾತ್ರ ಸುರಿಯುತ್ತಾರೆ. ನಾನು ಮೊದಲ ಸಲ ಜಿಪುಣತನ ಅಂದುಕೊಂಡೆ. ಮತ್ತೆ ಮತ್ತೆ ಸುರಿದು ಉಪಚರಿಸಲಿಕ್ಕೆ ಹಾಗೆ, ತುಂಬ ಸುರಿದರೆ "ಇನ್ನು ಹೊರಡಿ" ಎಂಬ ಸೂಚನೆಯಂತೆ. ಅದಾದ ವಾರವೇ ಹಾಗೆ ಉಪಚರಿಸಿದವರೆಲ್ಲ ನಮ್ಮ ಮನೆಗೆ ಬಂದಾಗ ನಾನು ಊರಿನ ರೂಢಿಯಲ್ಲಿ ಲೋಟ ಭರ್ತಿ ಚಹಾ ಕೊಟ್ಟಿದ್ದೆ!

ಅವರು ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಮಾರ್ಚ್ 21ರ ನವ್ರೂಜ್ ಹಬ್ಬಕ್ಕೆ ಅಂಗಳದಲ್ಲಿ ಸುಮಲಕ್ ಮಾಡುವಾಗ ಕರೆದರು. ಮೊಳಕೆ ಬಂದ ಗೋಧಿಯ ಹಾಲನ್ನು ಹಿಟ್ಟಿನೊಡನೆ ಕಡಾಯಿಯಲ್ಲಿ ರಾತ್ರಿಯಿಡೀ ಕದಡುತ್ತಾ ಕಾಯಿಸಬೇಕು. ತಳ ಹಿಡಿಯದಿರಲೆಂದು ಒಳಗೆ ಬೆಣಚುಕಲ್ಲು ಹಾಕಿರುತ್ತಾರೆ. ಹೆಂಗಸರು ಸರದಿಯಲ್ಲಿ ಸೌಟು ಹಿಡಿದು ಹಾಡುತ್ತಾರೆ. ನನ್ನ ಸರದಿ ರಾತ್ರಿ ಎರಡಕ್ಕೆ ಬಂತು. ಹಾಡು ಬಾರದೆ ಬೀಸುವ ಕಲ್ಲಿನ ಪದ ಹೇಳಿದೆ. ಬೆಳಿಗ್ಗೆ ಸಕ್ಕರೆಯ ಹನಿಯೂ ಇಲ್ಲದ ಆ ಕಂದು ಪಾಯಸ ಬೆಲ್ಲದಂತೆ ಸಿಹಿಯಾಗಿತ್ತು.

ಬರುವಾಗ ಏನೇನು ತರಬೇಕು?

ಕುಕ್ಕರಿನ ಗ್ಯಾಸ್ಕೆಟ್ ಎರಡು. ಹುಣಸೆಹಣ್ಣು, ಒಣಗಿಸಿದ ಕರಿಬೇವು, ಗುರೆಳ್ಳು ಚಟ್ನಿಪುಡಿ, ಫಿಲ್ಟರ್ ಕಾಫಿಪುಡಿ. ಮೆಣಸಿನಕಾಯಿ ಇಲ್ಲಿ ಸಿಗುತ್ತದೆ, ಬ್ಯಾಡಗಿಯ ಬಣ್ಣ ಸಿಗುವುದಿಲ್ಲ. ಸ್ವೆಟರ್ ತರಬೇಡಿ, ಇಲ್ಲಿಯವೇ ವಾಸಿ.

ಮತ್ತೆ ಇಂಗು. ನಮ್ಮ ದೇಶ ಅಫ್ಘಾನಿಸ್ತಾನ, ಇರಾನಿನ ಜೊತೆಗೆ ಇದೇ ಉಜ್ಬೇಕಿಸ್ತಾನದಿಂದಲೂ ಇಂಗು ತರಿಸುತ್ತದೆ. ಗಿಡದ ಹೆಸರು ಇಲ್ಲಿ "ಕೊವ್ರಾಕ್", ಬೆಟ್ಟದ ಕಡೆ ಬೆಳೆಯುತ್ತದೆ. ಆದರೆ ಇವರು ಅದನ್ನು ಅಡುಗೆಗೆ ಹಾಕುವುದಿಲ್ಲ. ಚೋರ್ಸುವಿನ ಮಸಾಲೆ ಸಾಲಿನಲ್ಲಿ ಎರಡು ಸಲ ಹುಡುಕಿ ಬರಿಗೈಲಿ ಬಂದೆ. ಕಳೆದ ದೀಪಾವಳಿಗೆ ಅಮ್ಮ ತಂದ ಡಬ್ಬಿ ಮುಗಿಯುತ್ತಾ ಬಂದಿದೆ, ಈ ಕಡೆ ಬರುವವರು ಯಾರಾದರೂ ಇದ್ದರೆ ಮುಂಚೆ ತಿಳಿಸಿ.